ಹಡಗಿನ ಬಾಲ್ಕನಿಯಲ್ಲಿ ಅಪ್ಪ ಸಿಗರೇಟು ಸೇದಬಹುದೇ? ಶುಕ್ರವಾರದೊಳಗೆ ಹಣ ಕಟ್ಟಬೇಕು, ಬಲ್ಲವರು ಹೇಳಿ

ಕೊಡಿಯಾಲದ ಮಗಳು:

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ತುಂಬುತ್ತದೆ. ನಾನೂ ತಮ್ಮನೂ ಸೇರಿ ಅವರಿಬ್ಬರನ್ನು ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್‌ಗೆ ಕಳುಹಿಸುತ್ತಿದ್ದೇವೆ. ಅಪ್ಪನಿಗೆ 67. ಬ್ಯಾಂಕಿನಿಂದ ನಿವೃತ್ತರಾಗಿ ಏಳು ವರ್ಷವಾಯಿತು, ಸಿಗರೇಟಿನಿಂದ ಇನ್ನೂ ಆಗಿಲ್ಲ. ದಿನಕ್ಕೆ ಆರು. ಊಟವಾದ ಮೇಲಿನದ್ದು ತಪ್ಪಿದರೆ ಮನೆಮಂದಿಗೆಲ್ಲ ಬೈಗುಳ.

ಅವರಿಗಾಗಿಯೇ ಬಾಲ್ಕನಿ ಇರುವ ಕೋಣೆ ಹಿಡಿದೆವು. ಕಿಟಕಿ ಮಾತ್ರ ಇರುವ ಕೋಣೆಗಿಂತ ಇಬ್ಬರಿಗೆ ಸೇರಿ 28,000 ರೂಪಾಯಿ ಹೆಚ್ಚು. ಟ್ರಾವೆಲ್ಸ್‌ನವರು ಫೋನಿನಲ್ಲಿ "ಬಾಲ್ಕನಿ ಎಂದರೆ ನಿಮ್ಮ ಮನೆಯ ಜಗಲಿ ಇದ್ದ ಹಾಗೆ, ಆರಾಮವಾಗಿ ಕುಳಿತು ಸೇದಲಿ" ಎಂದಿದ್ದರು. ನಿನ್ನೆ ರಾತ್ರಿ ಷರತ್ತುಗಳ ಕಡತ ಓದುತ್ತಾ ಹೋದರೆ ಹದಿನಾಲ್ಕನೇ ಪುಟದಲ್ಲಿ, ಕೋಣೆಯಲ್ಲಾಗಲಿ ಬಾಲ್ಕನಿಯಲ್ಲಾಗಲಿ ಧೂಮಪಾನ ಕೂಡದು, ತಪ್ಪಿದರೆ 250 ಡಾಲರ್ ಎಂದಿದೆ. ಈಗ ಕೇಳಿದರೆ ಅದೇ ಮನುಷ್ಯ "ಯಾರು ನೋಡುತ್ತಾರೆ ಮೇಡಂ" ಎನ್ನುತ್ತಿದ್ದಾರೆ.

ಹೋಗಿ ಬಂದವರು ಹೇಳಿ, ನಿಜವಾಗಿಯೂ ಹಿಡಿಯುತ್ತಾರೆಯೇ? ಸುತ್ತಲೂ ನೀರು, ಮೇಲೆ ಆಕಾಶ. ಹೊಗೆ ಯಾರ ಮೂಗಿಗೆ ಹೋಗಬೇಕು?

ದಿನಕ್ಕೆ ಐದೇ:

ನಿಮ್ಮ ಅಪ್ಪನಿಗಿಂತ ಒಂದು ಕಡಿಮೆ ಸೇದುವವನು ನಾನು, ಆದ್ದರಿಂದ ಮಾತನಾಡುವ ಹಕ್ಕಿದೆ. 2011ರಲ್ಲಿ ನಾನು ಹೆಂಡತಿಯೊಡನೆ ಇಂಥದ್ದೇ ಪ್ರವಾಸ ಹೋಗಿದ್ದಾಗ ಬಾಲ್ಕನಿಯ ಮೇಜಿನ ಮೇಲೆ ಅವರೇ ಬೂದಿಬಟ್ಟಲು ಇಟ್ಟಿದ್ದರು. ಬೆಳಗಿನ ಕಾಫಿ, ಒಂದು ಸಿಗರೇಟು, ಮುಂದೆ ಸಮುದ್ರ. ಆ ಸುಖಕ್ಕೇ ಅಲ್ಲವೇ ಅಷ್ಟು ಹಣ ಕೊಡುವುದು? ಈಗ ನೋಡಿದರೆ ಹಡಗಿನ ಅಂಗಡಿಯಲ್ಲಿ ಸುಂಕವಿಲ್ಲದ ಸಿಗರೇಟನ್ನು ಕಾರ್ಟನ್ನುಗಟ್ಟಲೆ ಮಾರುತ್ತಾರೆ, ಹಚ್ಚಿದರೆ ದಂಡ ಹಾಕುತ್ತಾರೆ. ಹಡಗಿನ ಚಿಮಣಿಯಿಂದ ದಿನವಿಡೀ ಬರುವುದೇನು, ಸಾಂಬ್ರಾಣಿ ಧೂಪವೇ?

ಬಿಜೈ ಮೂರನೇ ಮಹಡಿ:

ಕೊಡಿಯಾಲದ ಮಗಳೇ, "ಹೊಗೆ ಯಾರ ಮೂಗಿಗೆ ಹೋಗಬೇಕು" ಎಂದು ಕೇಳಿದಿರಲ್ಲ, ನನ್ನ ಮೂಗಿಗೆ. ಹಡಗಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರು ಬಾಲ್ಕನಿಯಲ್ಲಿ ನಿಂತು ಸೇದುತ್ತಾರೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದು ಬಾಲ್ಕನಿಯ ಹಗ್ಗದಲ್ಲಿ ಮಾತ್ರ. ಮಗಳ ಶಾಲೆಯ ಸಮವಸ್ತ್ರ ಮೂರು ದಿನ ಒಣಗಿ, ಕೊನೆಗೆ ಸಿಗರೇಟು ನಾರುತ್ತಾ ಶಾಲೆಗೆ ಹೋಗುತ್ತದೆ. ಟೀಚರು ಒಮ್ಮೆ ಮನೆಯಲ್ಲಿ ಯಾರಾದರೂ ಸೇದುತ್ತಾರೆಯೇ ಎಂದು ಕೇಳಿದ್ದರು. ಕಳೆದ ತಿಂಗಳು ತುಳಸಿಯ ಚಟ್ಟಿಯಲ್ಲಿ ಎರಡು ತುಂಡು ಸಿಕ್ಕಿದವು, ಒಂದರ ತುದಿಯಲ್ಲಿ ಇನ್ನೂ ಹೊಗೆ ಬರುತ್ತಿತ್ತು. ಕೇಳಿದರೆ "ನನ್ನ ಬಾಲ್ಕನಿ" ಎನ್ನುತ್ತಾರೆ. ನಿಮ್ಮ ಬಾಲ್ಕನಿ ಸರಿ, ನನ್ನ ತುಳಸಿ?

ದಿನಕ್ಕೆ ಐದೇ:

ಎಲ್ಲಿಯ ಬಿಜೈ, ಎಲ್ಲಿಯ ಹಡಗು. ನಿಮ್ಮ ಮೇಲಿನ ಮನೆಯವನ ಸಿಟ್ಟನ್ನು ಇಲ್ಲಿ ತೀರಿಸಬೇಡಿ ತಾಯಿ.

ಶಿರ್ವದ ಹಡಗಿನವ:

ಅಕ್ಕ, ಹನ್ನೊಂದು ವರ್ಷ ಹಡಗಿನಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ಸ್ಟೂವರ್ಡ್ ಆಗಿದ್ದೆ. ಈಗ ಊರಿನಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದೇನೆ. ಹಿಡಿಯುತ್ತಾರೆಯೇ ಎಂದು ಕೇಳಿದಿರಿ. ಹಿಡಿಯುತ್ತಾರೆ. ಹೆಚ್ಚಾಗಿ ಹಿಡಿದುಕೊಡುವುದು ಪಕ್ಕದ ಬಾಲ್ಕನಿಯವರು. ಎದ್ದು ಬಂದು ಜಗಳವಾಡುವುದಿಲ್ಲ, ಕೋಣೆಯ ಫೋನೆತ್ತಿ ಕೌಂಟರಿಗೆ ಹೇಳುತ್ತಾರೆ. ಐದು ನಿಮಿಷದಲ್ಲಿ ಸೆಕ್ಯುರಿಟಿಯವರು ಬಾಗಿಲು ತಟ್ಟುತ್ತಾರೆ.

ಅವರು ಹೇಳದಿದ್ದರೂ ಮರುದಿನ ನಮಗೆ ತಿಳಿಯುತ್ತದೆ. ಪರದೆಯಲ್ಲಿ ವಾಸನೆ ನಿಂತಿರುತ್ತದೆ. ಟವೆಲ್ಲಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ತೂತು, ಅದರ ಸುತ್ತ ಕಂದು ಅಂಚು. ಕೆಲವರು ತುಂಡುಗಳನ್ನು ಕೋಕ್ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಕಸದ ಬುಟ್ಟಿಯ ತಳಕ್ಕೆ ತಳ್ಳಿ, ಮೇಲೆ ಟಿಶ್ಯೂ ಹೊದಿಸಿ ಇಡುತ್ತಿದ್ದರು. ಬುಟ್ಟಿ ಖಾಲಿ ಮಾಡುವವನು ಯಾರೆಂಬುದನ್ನು ಮಾತ್ರ ಮರೆತಿರುತ್ತಿದ್ದರು.

ಒಮ್ಮೆ ಒಬ್ಬರು ಹಿರಿಯರು, ನಮ್ಮ ಕಡೆಯವರೇ. ನನ್ನ ಎದೆಯ ಮೇಲಿನ ಹೆಸರು ನೋಡಿ, ಊರು ಕೇಳಿ, ಸಂತೋಷಪಟ್ಟು, ಕೈಗೆ ಇಪ್ಪತ್ತು ಡಾಲರ್ ಇಟ್ಟು "ನೀನು ಏನೂ ನೋಡಿಲ್ಲ, ಆಯಿತಾ?" ಎಂದರು. ವರದಿ ಮಾಡದೆ ಇದ್ದು ಮುಂದೆ ಏನಾದರೂ ಆದರೆ ಕೆಲಸ ಹೋಗುವುದು ನನ್ನದು. ನೋಟನ್ನು ಹಿಂದಿರುಗಿಸಿ ಮೇಲ್ವಿಚಾರಕರಿಗೆ ಹೇಳಿದೆ. ಕೊನೆಯ ದಿನದವರೆಗೂ ಅವರು ನನ್ನ ಮುಖ ನೋಡಲಿಲ್ಲ. ಅವರ ಹೆಂಡತಿ ಮಾತ್ರ ಇಳಿಯುವ ಬೆಳಿಗ್ಗೆ ಒಡೆಯದ ಒಂದು ಚಕ್ಕುಲಿ ಪೊಟ್ಟಣ ಕೈಗಿತ್ತು ಹೋದರು.

ಇನ್ನು ಐದೇ ಅಣ್ಣನಿಗೆ. ನೀವು ಇದನ್ನು ವಾಸನೆಯ ವಿಷಯ ಎಂದುಕೊಂಡಿದ್ದೀರಿ. ಹಡಗಿನವರಿಗೆ ಇದು ಬೆಂಕಿಯ ವಿಷಯ. 2006ರ ಮಾರ್ಚ್ 23ರ ನಸುಕಿನಲ್ಲಿ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗು ಗ್ರ್ಯಾಂಡ್ ಕೇಮನ್‌ನಿಂದ ಜಮೈಕಾದ ಮಾಂಟೆಗೊ ಬೇ ಕಡೆಗೆ ಹೋಗುತ್ತಿತ್ತು. ಎಲ್ಲರೂ ಮಲಗಿದ್ದ ಹೊತ್ತು. ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ಆರಿಸದೆ ಎಸೆದ ಸಿಗರೇಟಿನ ತುಂಡೇ ಬಹುಮಟ್ಟಿಗೆ ಕಾರಣ ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖೆಯವರು ವರದಿ ಕೊಟ್ಟರು. ಬಾಲ್ಕನಿಗಳ ನಡುವಿನ ತಡಿಕೆ ಪಾಲಿಕಾರ್ಬೊನೇಟ್, ನೆಲಕ್ಕೆ ಹಾಸಿದ್ದು ಪಾಲಿಯುರಿಥೇನ್, ಕುರ್ಚಿ ಮೇಜು ಪ್ಲಾಸ್ಟಿಕ್, ಎಲ್ಲವೂ ಉರಿಯುವ ವಸ್ತುಗಳೇ. ಬಾಲ್ಕನಿ ಬಯಲು ಜಾಗ ಎಂಬ ಲೆಕ್ಕದಲ್ಲಿ ಅಲ್ಲಿ ಬೆಂಕಿಯನ್ನು ಪತ್ತೆ ಮಾಡುವ ಸಾಧನವೂ ಇರಲಿಲ್ಲ, ನೀರು ಚಿಮ್ಮಿಸುವ ವ್ಯವಸ್ಥೆಯೂ ಇರಲಿಲ್ಲ. ಗಾಳಿಗೆ ಬೆಂಕಿ ಒಂದು ಬಾಲ್ಕನಿಯಿಂದ ಇನ್ನೊಂದಕ್ಕೆ, ಒಂದು ಮಹಡಿಯಿಂದ ಇನ್ನೊಂದಕ್ಕೆ ಹಾರಿತು. ನಂದಿಸಲು ಒಂದೂವರೆ ಗಂಟೆ ಹಿಡಿಯಿತು. ಒಬ್ಬ ಪ್ರಯಾಣಿಕರು ಸತ್ತರು, 13 ಮಂದಿಗೆ ಹೊಗೆ ಕುಡಿದದ್ದಕ್ಕೆ ಚಿಕಿತ್ಸೆಯಾಯಿತು. 79 ಕೋಣೆಗಳು ಸುಟ್ಟು ಹೋದವು, ಇನ್ನೂ 218 ಕೋಣೆಗಳಿಗೆ ಬೆಂಕಿ, ಹೊಗೆ, ನೀರಿನಿಂದ ಹಾನಿ. ಒಳಗಿನ ಕೋಣೆಗಳಲ್ಲಿ ಸ್ಪ್ರಿಂಕ್ಲರ್ ಇದ್ದದ್ದರಿಂದ ಅಷ್ಟಕ್ಕೇ ನಿಂತಿತು.

ನಮ್ಮ ತರಬೇತಿಯಲ್ಲಿ ಆ ಹಡಗಿನ ಫೋಟೋ ತೋರಿಸುತ್ತಿದ್ದರು. ಬಿಳಿ ಹಡಗಿನ ಪಕ್ಕೆಯಲ್ಲಿ ದೊಡ್ಡ ಕಪ್ಪು ಕಲೆ, ದೋಸೆ ಸೀದು ಹೋದ ಕಾವಲಿಯಂತೆ.

ಕಲ್ಯಾಣಪುರದ ಮಾಸ್ತರ್:

ಶಿರ್ವದವರೇ, ಒಳ್ಳೆಯ ಮಾಹಿತಿ. ಆ ಘಟನೆಯ ನಂತರ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಸಾಗರ ಸುರಕ್ಷತಾ ಒಪ್ಪಂದಕ್ಕೆ ತಿದ್ದುಪಡಿ ತಂದರು. 2008ರ ಜುಲೈ 1ರಿಂದ ಅದು ಜಾರಿಗೆ ಬಂತು. ಬೇಗ ಬೆಂಕಿ ಹಿಡಿಯುವ ಪೀಠೋಪಕರಣ ಬಾಲ್ಕನಿಯಲ್ಲಿದ್ದರೆ ಅಲ್ಲೂ ಪತ್ತೆ ಸಾಧನ, ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕು ಎಂದಾಯಿತು.

ಈಗ "ಸುತ್ತಲೂ ನೀರು, ಮೇಲೆ ಆಕಾಶ" ಎಂಬ ಮಾತಿಗೆ ಬರೋಣ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಅಭ್ಯಾಸ, ಕ್ಷಮಿಸಿ. ಹಡಗು 20 ನಾಟ್ ವೇಗದಲ್ಲಿ ಹೋಗುತ್ತಿದೆ ಎನ್ನಿ, ಅಂದರೆ ಗಂಟೆಗೆ 37 ಕಿಲೋಮೀಟರ್. ಸಮುದ್ರದಲ್ಲಿ ಎಲೆಯೂ ಅಲುಗದ ದಿನವಿದ್ದರೂ ಹಡಗಿನ ಪಕ್ಕದಲ್ಲಿ ಮುಂದಿನಿಂದ ಹಿಂದಕ್ಕೆ ಅಷ್ಟು ವೇಗದ ಗಾಳಿ ಇದ್ದೇ ಇರುತ್ತದೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮುಂದಿನ ಸೀಟಿನವರು ಕಿಟಕಿಯಿಂದ ಉಗುಳಿದರೆ ಏನಾಗುತ್ತದೆ ಎಂದು ಹಿಂದಿನ ಸೀಟಿನಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಹಡಗಿನ ಬಾಲ್ಕನಿಗಳು ಸಾಲಾಗಿ ಗೂಡುಗಳಂತೆ ಇರುತ್ತವೆ. ಪ್ರತಿ ಗೂಡಿನ ಅಂಚಿಗೂ ಬಡಿದು ಗಾಳಿ ಒಳಗೆ ಸುಳಿಯುತ್ತದೆ. ನೀವು ಬಿಟ್ಟ ಹೊಗೆ ಸಮುದ್ರಕ್ಕೆ ಹೋಗುವ ಮೊದಲು ಹಿಂದಿನ ನಾಲ್ಕು ಮನೆಗಳನ್ನು ಮಾತನಾಡಿಸಿ ಹೋಗುತ್ತದೆ. ಎಸೆದ ತುಂಡಿನ ಕಥೆಯೂ ಅದೇ. ಎಸೆದವನು ಅದು ನೀರಿಗೆ ಬಿತ್ತೆಂದು ಒಳಗೆ ಹೋಗಿರುತ್ತಾನೆ, ಅದು ಎರಡು ಮಹಡಿ ಕೆಳಗೆ ಯಾರದೋ ಒಣಹಾಕಿದ ಟವೆಲ್ಲಿನ ಮೇಲೆ ಕುಳಿತಿರುತ್ತದೆ. ಸೇದುವಾಗ ಅದರ ಕೆಂಡದ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಇನ್ನೊಂದಿದೆ. ಬಾಲ್ಕನಿಯ ಬಾಗಿಲು ತೆರೆದಿರುವಾಗ ಯಾರಾದರೂ ಕಾರಿಡಾರಿನ ಬಾಗಿಲನ್ನೂ ತೆರೆದರೆ ಗಾಳಿ ಕೋಣೆಯೊಳಗಿಂದ ಹಾದು ಓಡುತ್ತದೆ. ಹೊರಗಿನ ಹೊಗೆ ಒಳಗಿನ ಹಾಸಿಗೆಗೆ ಬರುವುದು ಹಾಗೆ.

ದಿನಕ್ಕೆ ಐದೇ:

ಮಾಸ್ತರೇ, ಬೆಂಕಿಯ ಮಾತು ಒಪ್ಪಿದೆ. ಆದರೆ ಬಾಲ್ಕನಿಯನ್ನೇ ಬೆಂಕಿ ಹಿಡಿಯದ ಹಾಗೆ ಕಟ್ಟಿದ ಮೇಲೂ ನಿಷೇಧ ಯಾಕೆ? ರೋಗಕ್ಕೆ ಮದ್ದು ಕೊಟ್ಟಾಯಿತು, ಮತ್ತೆ ಪಥ್ಯವೂ ಯಾಕೆ?

ಶಿರ್ವದ ಹಡಗಿನವ:

ಪ್ರಶ್ನೆ ಸರಿಯಾಗಿದೆ ಅಣ್ಣ. ನಿಷೇಧ ಬಂದದ್ದು ಒಮ್ಮೆಗೇ ಅಲ್ಲ. ಬೆಂಕಿ ಬಿದ್ದ ಹಡಗಿನ ಕಂಪನಿಯೇ ಕೋಣೆ, ಬಾಲ್ಕನಿಗಳಲ್ಲಿ ಸೇದುವುದನ್ನು ನಿಲ್ಲಿಸಿದ್ದು 2012ರ ಜನವರಿಯಲ್ಲಿ, ಆರು ವರ್ಷದ ನಂತರ. ರಾಯಲ್ ಕೆರಿಬಿಯನ್‌ನವರು 2014ರ ಜನವರಿಯಿಂದ, ಕಾರ್ನಿವಲ್‌ನವರು ಅದೇ ವರ್ಷದ ಅಕ್ಟೋಬರಿನಿಂದ, ನಾರ್ವೇಜಿಯನ್‌ನವರು ನವೆಂಬರಿನಿಂದ. ನೀವು ಹೋದ 2011ರಲ್ಲಿ ಬೂದಿಬಟ್ಟಲು ಇದ್ದದ್ದು ಅದಕ್ಕೇ. ಅಷ್ಟು ಹೊತ್ತಿಗೆ ಸೇದದವರ ದೂರುಗಳೇ ಹೆಚ್ಚಾಗಿದ್ದವು. ಸೇದುವವನೊಬ್ಬ ಸಿಟ್ಟಾಗಿ ಬೇರೆ ಹಡಗಿಗೆ ಹೋದರೆ ಒಂದು ಕೋಣೆ ನಷ್ಟ, ಅವನ ಅಕ್ಕಪಕ್ಕದವರು ಸಿಟ್ಟಾದರೆ ನಾಲ್ಕು ಕೋಣೆ ನಷ್ಟ. ಕಂಪನಿಯವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.

ಅಂದ ಮೇಲೆ ಹಡಗಿನಲ್ಲಿ ಎಲ್ಲೂ ಸೇದಲಾಗದು ಎಂದಲ್ಲ. ಮೇಲಿನ ಬಯಲು ಮಹಡಿಯ ಒಂದು ಪಕ್ಕವನ್ನು ಅದಕ್ಕೆಂದೇ ಬಿಟ್ಟಿರುತ್ತಾರೆ. ಬೂದಿಬಟ್ಟಲು, ಕುರ್ಚಿ, ತಲೆಯ ಮೇಲೆ ಸೂರು ಎಲ್ಲವೂ ಇರುತ್ತದೆ. ಕೆಲವು ಹಡಗುಗಳಲ್ಲಿ ಕ್ಯಾಸಿನೊದ ಒಂದು ಮೂಲೆಯಲ್ಲೂ ಬಿಡುತ್ತಾರೆ. ವೇಪ್ ಎನ್ನುವ ಎಲೆಕ್ಟ್ರಾನಿಕ್ ಸಿಗರೇಟಿಗೂ ಇದೇ ನಿಯಮ. ಅದಂತೂ ನಮ್ಮ ದೇಶದಲ್ಲಿ ಮಾರುವುದೇ 2019ರಿಂದ ನಿಷಿದ್ಧ.

ಸುರತ್ಕಲ್ ವಕೀಲ:

ಕಾನೂನಿನ ಕಡೆಯಿಂದ ಎರಡು ಮಾತು, ಶುಲ್ಕವಿಲ್ಲದೆ.

ಆ 250 ಡಾಲರ್ ಎಂಬುದು ಪೊಲೀಸ್ ದಂಡ ಅಲ್ಲ. ಟಿಕೆಟ್ ಕೊಳ್ಳುವಾಗ ನೀವು ಒಪ್ಪಿಕೊಂಡ ಕರಾರಿನ ಪ್ರಕಾರ ವಸೂಲಿ ಮಾಡುವ ಶುಚಿಗೊಳಿಸುವ ಶುಲ್ಕ. ಹಡಗು ಹತ್ತುವಾಗ ಕೊಟ್ಟ ಕಾರ್ಡಿಗೆ ನೇರವಾಗಿ ಬೀಳುತ್ತದೆ. ವಾದ ಮಾಡಲು ಅಲ್ಲಿ ನ್ಯಾಯಾಧೀಶರೂ ಇಲ್ಲ, ನನ್ನಂಥವನೂ ಇಲ್ಲ. ಕಾರ್ನಿವಲ್‌ನಲ್ಲಿ ಅದು 500 ಡಾಲರ್. ಟ್ರಾವೆಲ್ಸ್‌ನವರು ಬಾಯಿಮಾತಿನಲ್ಲಿ ಹೇಳಿದ ಜಗಲಿಗೆ ಕರಾರಿನಲ್ಲಿ ಜಾಗವಿಲ್ಲ. ಆದರೂ ಅವರು ಹಾಗೆ ಹೇಳಿದ್ದು ಸಂದೇಶದ ರೂಪದಲ್ಲಿ ಇದ್ದರೆ ಉಳಿಸಿಕೊಳ್ಳಿ. ಕೋಣೆ ಬದಲಿಸುವಾಗ ಅವರ ಕಮಿಷನ್ ಕೈಬಿಡಿಸಲು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ, ಇನ್ನೂ ಯಾರೂ ಹೇಳಿಲ್ಲ. ಸಿಂಗಪುರಕ್ಕೆ ಸಿಗರೇಟು ತೆಗೆದುಕೊಂಡು ಹೋಗುವವರಿಗೆ ಸುಂಕದ ವಿನಾಯಿತಿ ಇಲ್ಲವೇ ಇಲ್ಲ. ತಂದೆಯವರು ಇಲ್ಲಿಂದ ಒಂದು ಕಾರ್ಟನ್ ಚೀಲದಲ್ಲಿಟ್ಟು ಸುಮ್ಮನೆ, ವಿಮಾನ ನಿಲ್ದಾಣದಲ್ಲಿ ಘೋಷಿಸಲು ಏನೂ ಇಲ್ಲದವರಿಗೆಂದು ಇರುವ ಹಸಿರು ದಾರಿಯಲ್ಲಿ ನಡೆದರೆ ಹಡಗು ನೋಡುವ ಮೊದಲೇ ದಂಡ ಕಟ್ಟಬೇಕಾದೀತು. ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟಬೇಕು. ಬಾಯಲ್ಲಿ ಹಾಕುವ ತಂಬಾಕನ್ನಂತೂ ಒಯ್ಯಲೇಬಾರದು.

ಬಿಜೈ ಮೂರನೇ ಮಹಡಿ:

ವಕೀಲರೇ, ನನ್ನ ತುಳಸಿಯ ಬಗ್ಗೆಯೂ ಏನಾದರೂ ಹೇಳಿ.

ಸುರತ್ಕಲ್ ವಕೀಲ:

ತಾಯಿ, 2003ರ ತಂಬಾಕು ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳಕ್ಕೆ ಅನ್ವಯಿಸುತ್ತದೆ. ದಂಡ 200 ರೂಪಾಯಿ ಇದ್ದದ್ದನ್ನು ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ 1,000ಕ್ಕೆ ಏರಿಸಿದೆ, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ. ಆದರೆ ಸ್ವಂತ ಫ್ಲ್ಯಾಟಿನ ಬಾಲ್ಕನಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಿಮಗೆ ಉಳಿದಿರುವುದು ನಿವಾಸಿಗಳ ಸಂಘದ ನಿಯಮಾವಳಿ. ಮಹಾಸಭೆಯಲ್ಲಿ ಠರಾವು ಮಾಡಿಸಿ. ಉರಿಯುವ ತುಂಡನ್ನು ಕೆಳಗೆ ಎಸೆಯುವುದನ್ನು ಮಾತ್ರ ಹೊಗೆಯ ದೂರು ಎನ್ನಬೇಡಿ, ಬೆಂಕಿಯ ದೂರು ಎಂದು ಬರವಣಿಗೆಯಲ್ಲಿ ಕೊಡಿ. ಸಂಘದ ಕಾರ್ಯದರ್ಶಿಗೆ ಹೊಗೆಗಿಂತ ಬೆಂಕಿಯ ಭಯ ಹೆಚ್ಚು. ಒಂದು ತುಂಡನ್ನು ಲಕೋಟೆಯಲ್ಲಿ ಇಟ್ಟುಕೊಳ್ಳಿ.

ತೊಕ್ಕೊಟ್ಟಿನವ:

ಸೇದುವವರನ್ನು ಹಡಗಿಗೇ ಹತ್ತಿಸಬಾರದು. ಮಾನಗೆಟ್ಟ ಚಟ. ಅಪ್ಪನಾದರೇನು, ಅಜ್ಜನಾದರೇನು. ತಂಬಾಕಿನಿಂದ ಬದುಕುವವರೂ ಅಷ್ಟೇ, ಎಲ್ಲರೂ ಒಂದೇ ಜಾತಿ.

ಬೀಡಿ ಬ್ರಾಂಚ್:

ಈ ಚರ್ಚೆಯಲ್ಲಿ ಬರೆಯಬೇಕೆಂದಿರಲಿಲ್ಲ. ಮೇಲಿನ ಮಾತು ಓದಿದ ಮೇಲೆ ಬರೆಯುತ್ತಿದ್ದೇನೆ.

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಬಂಟ್ವಾಳದ ಹತ್ತಿರ ನಮ್ಮ ಊರಿನಲ್ಲಿ ಬೀಡಿ ಕಟ್ಟದ ಮನೆ ಹುಡುಕಬೇಕಿತ್ತು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪು. ನೆನೆಸಿದ ಎಲೆಯನ್ನು ಅಚ್ಚಿಟ್ಟು ಕತ್ತರಿಸಿ, ಚಿಟಿಕೆ ಸೊಪ್ಪು ಹಾಕಿ ಉರುಳಿಸಿ, ತುದಿ ಮಡಚಿ, ನೂಲು ಸುತ್ತುವುದು. ಕಣ್ಣು ಬೇರೆಲ್ಲೋ ಇರುತ್ತಿತ್ತು, ಬೆರಳು ತನ್ನ ಪಾಡಿಗೆ ಓಡುತ್ತಿತ್ತು. ಕಟ್ಟುಗಳನ್ನು ಬುಟ್ಟಿಯಲ್ಲಿಟ್ಟು ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ಒಂದೊಂದಾಗಿ ನೋಡಿ, ಸಪೂರ ಎಂದೋ ಸಡಿಲ ಎಂದೋ ಒಂದಿಷ್ಟನ್ನು ಆಚೆ ಹಾಕುತ್ತಿದ್ದರು. ಆಚೆ ಹಾಕಿದ್ದಕ್ಕೆ ಕೂಲಿ ಇಲ್ಲ. ನನ್ನ ಪಿಯುಸಿ ಶುಲ್ಕ ಆ ಬುಟ್ಟಿಯಿಂದ ಬಂತು. ಅಮ್ಮ ಒಂದು ದಿನವೂ ಬೀಡಿ ಬಾಯಿಗಿಟ್ಟವಳಲ್ಲ, ಆದರೆ ಅವಳ ಸೆರಗಿನಲ್ಲಿ ಆ ವಾಸನೆ ಹೋಗಲೇ ಇಲ್ಲ, ಕೆಮ್ಮೂ ಹೋಗಲಿಲ್ಲ.

ನಾನು ಸೇದುವುದಿಲ್ಲ. ಹೊಗೆ ಬಂದರೆ ಎದ್ದು ಹೋಗುತ್ತೇನೆ. ಹಡಗಿನ ನಿಯಮ ನೂರಕ್ಕೆ ನೂರು ಸರಿ. ಆದರೆ ನಿಯಮ ಹೇಳುವುದಕ್ಕೆ ಮಾನ ತೆಗೆಯಬೇಕಾಗಿಲ್ಲ.

ವೇದಿಕೆ ನಿರ್ವಾಹಕ:

ತೊಕ್ಕೊಟ್ಟಿನವರೇ, ಇನ್ನೊಮ್ಮೆ ಹೀಗೆ ಬರೆದರೆ ಅಳಿಸುತ್ತೇನೆ. ಉಳಿದವರು ವಿಷಯಕ್ಕೆ ಬನ್ನಿ.

ಮಲ್ಪೆ ಬೋಟ್:

ವಿಷಯಕ್ಕೇ ಬರುತ್ತೇನೆ. ನಾವು ಆಳಸಮುದ್ರಕ್ಕೆ ಹೋದರೆ ಹತ್ತು ದಿನ ಬೋಟಿನಲ್ಲೇ. ಕೆಳಗೆ ಡೀಸೆಲ್, ಪಕ್ಕದಲ್ಲಿ ಗ್ಯಾಸ್ ಒಲೆ, ಮೇಲೆಲ್ಲ ನೈಲಾನ್ ಬಲೆ. ಬಲೆಯ ಮೇಲೆ ಒಂದು ಕಿಡಿ ಬಿದ್ದರೆ ಲಕ್ಷಾಂತರ ರೂಪಾಯಿ ನೀರಿಗೆ. ಆದ್ದರಿಂದ ಬೋಟ್ ನಡೆಸುವ ತಾಂಡೇಲರ ನಿಯಮ ಒಂದೇ: ಸೇದುವವನು ಹಿಂದೆ ಹೋಗಬೇಕು, ಗಾಳಿ ಹೋಗುವ ಬದಿಗೆ ನಿಲ್ಲಬೇಕು, ತುಂಡನ್ನು ನೀರಿರುವ ತಗಡಿನ ಡಬ್ಬಿಯಲ್ಲಿ ಹಾಕಬೇಕು. ಬರೆದಿಟ್ಟ ನಿಯಮ ಅಲ್ಲ, ಪುಟ ಹದಿನಾಲ್ಕೂ ಇಲ್ಲ. ತಪ್ಪಿದವನಿಗೆ ಅಂದಿನ ಮೀನಿನ ಸಾರಿನಲ್ಲಿ ತಲೆಭಾಗ ಮಾತ್ರ.

ಗಾಳಿ ಬರುವ ಬದಿಗೆ ಮುಖ ಮಾಡಿ ಹೊಗೆ ಬಿಟ್ಟರೆ ಅದು ನಿಮಗೇ ವಾಪಸು ಎಂಬುದು ಮೊದಲ ಸಲ ಕಡಲಿಗೆ ಬಂದ ಹುಡುಗನಿಗೂ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಅಡಿಕೆ ಉಗುಳುವವರಿಗೆ ಇನ್ನೂ ಬೇಗ.

ಕಲ್ಯಾಣಪುರದ ಮಾಸ್ತರ್:

ಡಬ್ಬಿಯ ಮಾತು ಬಹಳ ಒಳ್ಳೆಯದು. ತುಂಡು ನೀರಿಗೆ ಬಿದ್ದರೂ ಕರಗುವುದಿಲ್ಲ. ಫಿಲ್ಟರು ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಹಡಗುಗಳಿಂದ ಸಮುದ್ರ ಮಲಿನವಾಗುವುದನ್ನು ತಡೆಯುವ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದಂತೆ ಹಡಗಿನಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯುವುದು ಪೂರ್ತಿ ನಿಷಿದ್ಧ.

ಪಣಂಬೂರು ಟ್ಯಾಕ್ಸಿ:

ನಮ್ಮ ಬಂದರಿಗೆ ನವೆಂಬರಿನಿಂದ ಬೇಸಿಗೆಯವರೆಗೆ ಕ್ರೂಸ್ ಹಡಗುಗಳು ಬರುತ್ತವೆ. ಕುದ್ರೋಳಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ, ಇಷ್ಟು ತೋರಿಸಿ ಸಂಜೆಯೊಳಗೆ ಹಿಂದಿರುಗಿಸಬೇಕು. ಹಡಗಿನಿಂದ ಇಳಿದವರಿಗೆ ಸೇದುವ ಆತುರ. ಆದರೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ ಕಚ್ಚಾ ತೈಲ ಇಳಿಯುವ ಬಂದರು ಇದು, ಗ್ಯಾಸೂ ಇಳಿಯುತ್ತದೆ, ಒಳಗೆ ಬೆಂಕಿಕಡ್ಡಿ ಗೀರುವ ಮಾತೇ ಇಲ್ಲ. ಗೇಟು ದಾಟಿದ ಕೂಡಲೇ "ಸ್ಟಾಪ್, ಸ್ಟಾಪ್" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಒಬ್ಬರು ವಯಸ್ಸಾದ ಹೆಂಗಸು, ಜರ್ಮನಿಯವರು, ಹೀಗೆಯೇ ನಿಲ್ಲಿಸಿದರು. ಕಾರಿನಿಂದ ಇಳಿದು ಹತ್ತು ಹೆಜ್ಜೆ ದೂರ ಹೋಗಿ, ಗಾಳಿ ಯಾವ ಕಡೆ ಎಂದು ಕರವಸ್ತ್ರ ಹಿಡಿದು ನೋಡಿ, ನನಗೆ ಬೆನ್ನು ಹಾಕಿ ಸೇದಿದರು. ಮುಗಿದ ಮೇಲೆ ಕೈಚೀಲದಿಂದ ಒಂದು ಚಿಕ್ಕ ಡಬ್ಬಿ ತೆಗೆದರು, ನಶ್ಯದ ಡಬ್ಬಿಯಷ್ಟು. ತುಂಡನ್ನು ಅದರೊಳಗೆ ಒತ್ತಿ ಆರಿಸಿ, ಮುಚ್ಚಳ ಟಕ್ಕೆಂದು ಹಾಕಿ, ಚೀಲಕ್ಕೆ ಸೇರಿಸಿದರು. ಮೂಡುಬಿದಿರೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಸಲ ಆ ಡಬ್ಬಿ ಹೊರಗೆ ಬಂತು. ರಸ್ತೆಯಲ್ಲಿ ನಾನು ಎಸೆದ ನನ್ನ ತುಂಡನ್ನು ನೋಡಿಯೂ ಏನೂ ಹೇಳಲಿಲ್ಲ. ಆ ದಿನದಿಂದ ನನ್ನ ಕಾರಿನ ಬಾಗಿಲಿನ ಖಾನೆಯಲ್ಲಿ ಒಂದು ಹಳೆಯ ಅಮೃತಾಂಜನದ ಡಬ್ಬಿ ಇದೆ.

ಕೊಡಿಯಾಲದ ಮಗಳು:

ಇಷ್ಟು ಮಂದಿ ಬರೆಯುತ್ತೀರೆಂದು ನೆನಸಿರಲಿಲ್ಲ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಹಡಗಿನ ಬೆಂಕಿಯ ಕಥೆಗೆ ಸುಮ್ಮನಿದ್ದರು. ಡಾಲರಿನ ಲೆಕ್ಕಕ್ಕೆ ಎಚ್ಚರವಾದರು. "250 ಡಾಲರ್ ಎಂದರೆ ಇಪ್ಪತ್ತು ಸಾವಿರದ ಮೇಲಾಯಿತಲ್ಲ. ಒಂದು ಸಿಗರೇಟಿಗೆ? ನಾನು ಮೇಲೆ ಹೋಗಿಯೇ ಸೇದುತ್ತೇನೆ. ಹಾಗಾದರೆ ಬಾಲ್ಕನಿ ಯಾಕೆ, ಬಿಟ್ಟುಬಿಡು, 28,000 ಉಳಿಯುತ್ತದೆ" ಎಂದರು. ನನಗೂ ಸರಿ ಎನಿಸಿತು. ಬದಲಿಸಲು ಟ್ರಾವೆಲ್ಸ್‌ನವರಿಗೆ ಸಂದೇಶ ಬರೆಯುತ್ತಿದ್ದೆ.

ಅಮ್ಮ ಮಜ್ಜಿಗೆ ಬಡಿಸುತ್ತಿದ್ದವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. "ಬಾಲ್ಕನಿ ಇವರಿಗೆಂದು ಯಾರು ಹೇಳಿದ್ದು?" ಎಂದು ಕೇಳಿದರು. "40 ವರ್ಷದಿಂದ ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯವರ ನೀರಿನ ಟ್ಯಾಂಕ್ ನೋಡಿದ್ದೇನೆ. ನಾಲ್ಕು ದಿನ ನಾನು ಸಮುದ್ರ ನೋಡುತ್ತೇನೆ. ಇವರು ಬೇಕಾದರೆ ಮೇಲಿನ ಮಹಡಿಯಲ್ಲೇ ಮಲಗಲಿ."

ನಾವು ಮೂವರೂ ಒಂದು ತಿಂಗಳಿನಿಂದ ಈ ಕೋಣೆಯ ಬಗ್ಗೆ ಮಾತನಾಡುತ್ತಿದ್ದೇವೆ. ಅಮ್ಮನನ್ನು ಯಾರೂ ಕೇಳಿರಲಿಲ್ಲ. ಬರೆದ ಸಂದೇಶ ಅಳಿಸಿದೆ.

ಈಗ ಶಿರ್ವದವರಿಗೆ ಮೂರು ಪ್ರಶ್ನೆ. ಯಾವ ಕೋಣೆ ಆರಿಸಲಿ? ಅಮ್ಮ ಬೆಳಿಗ್ಗೆ ದೀಪ ಹಚ್ಚಿ ಊದುಬತ್ತಿ ಬೆಳಗದೆ ಕಾಫಿ ಕುಡಿಯುವವರಲ್ಲ, ಅದಕ್ಕೇನು? ಅಪ್ಪ ಪಂಚೆಯನ್ನು ಬಾಲ್ಕನಿಯಲ್ಲಿ ಒಣಹಾಕಬಹುದೇ?

ದಿನಕ್ಕೆ ಐದೇ:

ಅಮ್ಮನವರಿಗೆ ನನ್ನ ನಮಸ್ಕಾರ. ನನ್ನ ಹೆಂಡತಿಗೆ ಇದನ್ನು ತೋರಿಸುವುದಿಲ್ಲ.

ಶಿರ್ವದ ಹಡಗಿನವ:

ಅಕ್ಕ, ಹಡಗಿನ ನಕ್ಷೆ ಅಂತರ್ಜಾಲದಲ್ಲಿ ಸಿಗುತ್ತದೆ. ಮೊದಲು ಸೇದುವ ಜಾಗ ಯಾವ ಮಹಡಿಯಲ್ಲಿ, ಎಡಕ್ಕೋ ಬಲಕ್ಕೋ ನೋಡಿ. ಅದರ ಕೆಳಗಿನ ಸಾಲಿನಲ್ಲಾಗಲಿ ಅದಕ್ಕಿಂತ ಹಿಂದೆ ಅದೇ ಬದಿಯಲ್ಲಾಗಲಿ ಕೋಣೆ ಹಿಡಿಯಬೇಡಿ, ಮಾಸ್ತರು ಹೇಳಿದ ಗಾಳಿ ಹೊಗೆಯನ್ನೆಲ್ಲ ಅಮ್ಮನ ಕಡೆಗೆ ತರುತ್ತದೆ. ಎದುರು ಬದಿಯಲ್ಲಿ, ಲಿಫ್ಟಿಗೆ ಹತ್ತಿರ, ನಡುಭಾಗದಲ್ಲಿ ಹಿಡಿಯಿರಿ. ಅಪ್ಪನಿಗೆ ದಿನಕ್ಕೆ ಆರು ಸಲ ಹೋಗಿ ಬರಬೇಕಲ್ಲ. ನಡುಭಾಗದಲ್ಲಿ ತೂಗಾಟವೂ ಕಡಿಮೆ.

ದೀಪ, ಊದುಬತ್ತಿ, ಕರ್ಪೂರ ಯಾವುದೂ ಆಗುವುದಿಲ್ಲ. ಮೇಣದಬತ್ತಿ, ಊದುಬತ್ತಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲವೂ ನಿಷೇಧದ ಪಟ್ಟಿಯಲ್ಲಿವೆ, ಹತ್ತುವಾಗಲೇ ಚೀಲ ನೋಡಿ ತೆಗೆದಿಡುತ್ತಾರೆ. ಬ್ಯಾಟರಿಯ ಚಿಕ್ಕ ದೀಪ ಕೊಡಿ. ನಮ್ಮಲ್ಲಿ ಒಬ್ಬರು ಅಜ್ಜಿ ಹಾಗೆ ಮಾಡಿ, ಒಂದು ಡಬ್ಬಿಯಲ್ಲಿ ಒಣಗಿದ ಮಲ್ಲಿಗೆ ತಂದು ಅದನ್ನೇ ಮೂಸಿ ಕೈಮುಗಿಯುತ್ತಿದ್ದರು. ಬರುವಾಗ ಅದು ಶಂಕರಪುರದ ಹಸಿ ಮಲ್ಲಿಗೆಯಾಗಿತ್ತಂತೆ.

ಪಂಚೆಯನ್ನು ಸರಳಿಗೆ ಹಾಕಲೇಬಾರದು. ಗಾಳಿಗೆ ಹಾರಿದರೆ ಮಲ್ಪೆಯವರ ಬಲೆಗೇ ಸಿಗಬೇಕು. ಸ್ನಾನದ ಕೋಣೆಯಲ್ಲಿ ಎಳೆದು ಸಿಕ್ಕಿಸುವ ಹಗ್ಗ ಇರುತ್ತದೆ.

ಕೊಡಿಯಾಲದ ಮಗಳು:

ಎದುರು ಬದಿ, ನಡುಭಾಗ, ಎಂಟನೇ ಮಹಡಿ ಸಿಕ್ಕಿತು. ಹಣ ಕಟ್ಟಿದೆ. ಅಮ್ಮ ಇನ್ನೊಂದು ಕೇಳಲು ಹೇಳಿದ್ದಾರೆ: ಮನೆಯಲ್ಲಿ ಮಾಡಿದ ಹಲಸಿನ ಹಪ್ಪಳ ತರಬಹುದೇ?

ಶಿರ್ವದ ಹಡಗಿನವ:

ಮನೆಯಲ್ಲಿ ಮಾಡಿದ್ದನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ, ತಂದರೂ ಕರಿಯಲು ಅಲ್ಲಿ ಬೆಂಕಿ ಇಲ್ಲ. ಅಂಗಡಿಯ ಸೀಲ್ ಇರುವ ಚಕ್ಕುಲಿ ಪೊಟ್ಟಣ ತೆಗೆದುಕೊಳ್ಳಲು ಹೇಳಿ. ಎರಡು ತೆಗೆದುಕೊಂಡರೆ ಒಳ್ಳೆಯದು, ಕೋಣೆ ನೋಡಿಕೊಳ್ಳುವ ಹುಡುಗ ನಮ್ಮ ಊರಿನವನಾಗಿದ್ದರೆ ಒಂದು ಅವನಿಗೆ.